ಹಳೇ ಫೋಟೋ ಪ್ರಿಂಟ್ ಇರಬೇಕಾ, ಸ್ಕ್ಯಾನ್ ಸಾಕಾ? ಹಿಂದೆ ಹೆಸರು ಬರೆಯುವುದು ಹೇಗೆ?

ತೋಟದಮನೆ (ಶಿರಸಿ):
ನಮಸ್ಕಾರ. ಮೂಲಮನೆ ರಿಪೇರಿಗೆ ಕೈ ಹಾಕಿದ್ದೇವೆ. ಅಟ್ಟದಲ್ಲಿ ಟ್ರಂಕ್ ತುಂಬ ಫೋಟೋ ಇವೆ. ಕಪ್ಪು-ಬಿಳುಪಿನವು, ಬಣ್ಣದವು, ಕಟ್ಟು ಹಾಕಿಸಿ ಗಾಜು ಒಡೆದವು, ಎಲ್ಲ ಒಟ್ಟಿಗೆ. ಅರ್ಧಕ್ಕರ್ಧ ಜನ ಯಾರು ಅಂತ ನನಗೆ ಗೊತ್ತಿಲ್ಲ. ಆಯಿಗೆ, ಅಂದರೆ ಅಮ್ಮನಿಗೆ, ಗೊತ್ತು. ಅವಳಿಗೆ ಈಗ 84.

ಮಗ ಹೇಳುತ್ತಾನೆ, ಎಲ್ಲ ಸ್ಕ್ಯಾನ್ ಮಾಡಿ ಕ್ಲೌಡ್‌ಗೆ ಹಾಕಿಬಿಡೋಣ, ಟ್ರಂಕ್ ಖಾಲಿ ಮಾಡೋಣ ಅಂತ. ತಂಗಿಯದು ಉಲ್ಟಾ. ಮೊಬೈಲ್‌ನಲ್ಲಿರುವ ಈಗಿನ ಫೋಟೋಗಳನ್ನೂ ಪ್ರಿಂಟ್ ಹಾಕಿಸಿ ಆಲ್ಬಮ್ ಮಾಡಬೇಕು ಅನ್ನುತ್ತಾಳೆ. ಮನೆಯಲ್ಲಿ ದಿನಾ ಇದೇ ಪಂಚಾಯ್ತಿ. ನನಗೆ ಅನಿಸುವುದು ಇಷ್ಟು. ಕ್ಲೌಡ್ ಆಗಲಿ, ಕಾಗದ ಆಗಲಿ, ಹೆಸರು ಬರೆಯದಿದ್ದರೆ ಎರಡೂ ದಂಡ. ಆದರೆ ಬರೆಯುವುದು ಎಲ್ಲಿ, ಯಾವ ಪೆನ್ನಿನಲ್ಲಿ, ಏನೇನು? ನಮ್ಮ ಕಡೆಯ ಮಳೆಗೆ ಪ್ರಿಂಟ್ ಉಳಿಯುತ್ತದಾ? ಅನುಭವ ಇದ್ದವರು ಹೇಳಿ.

ಕಾಳಿದಂಡೆ (ಕಾರವಾರ):
ಮಾರಾಯ್ರೇ, ಕಾರವಾರದಲ್ಲಿ ಕೂತು ಪ್ರಿಂಟ್ ಹಾಕಿಸಿ ಅನ್ನುವ ಧೈರ್ಯ ನನಗಿಲ್ಲ. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ. ಜೂನ್ ಬಂತೆಂದರೆ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಕಪಾಟಿನಲ್ಲಿಟ್ಟ ಅಂಗಿಗೂ ವಾಸನೆ. ಇದರಲ್ಲಿ ಫೋಟೋ ಎಂತ ಉಳಿಯುತ್ತದೆ? ನಮ್ಮ ಅಣ್ಣನ ಮದುವೆ ಆಲ್ಬಮ್ ತೆಗೆದರೆ ಪುಟಕ್ಕೆ ಪುಟ ಅಂಟಿಕೊಂಡಿದೆ. ಎಳೆದರೆ ಮದುಮಗಳ ಮುಖ ಪ್ಲಾಸ್ಟಿಕ್ ಜೊತೆ ಕಿತ್ತು ಬರುತ್ತದೆ. ನಿಮ್ಮ ಮಗ ಹೇಳಿದ್ದೇ ಸರಿ. ಸ್ಕ್ಯಾನ್ ಮಾಡಿ, ಮುಗೀತು.

ಸ್ಟುಡಿಯೋದವ (ಕುಮಟಾ):
ರೀಲ್ ಕಾಲದಿಂದ ಸ್ಟುಡಿಯೋದಲ್ಲಿ ಕೆಲಸ ಮಾಡಿದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಬೂಷ್ಟು ಯಾಕೆ ಬರುತ್ತದೆ ಅಂದರೆ, ಫೋಟೋ ಪೇಪರಿನ ಮೇಲೆ ಚಿತ್ರ ಹಿಡಿದಿರುವುದು ಜೆಲಟಿನ್ ಪದರದಲ್ಲಿ. ಜೆಲಟಿನ್ ಅಂದರೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದದ್ದು. ಬೂಷ್ಟು ಅದನ್ನೇ ತಿಂದು ಬೆಳೆಯುತ್ತದೆ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಜೆಲಟಿನ್ ಉಬ್ಬಿ ಅಂಟಂಟಾಗುತ್ತದೆ. ಆಗ ಮೇಲೆ ಪ್ಲಾಸ್ಟಿಕ್ ಹಾಳೆ ಒತ್ತಿಕೊಂಡಿದ್ದರೆ ಅದಕ್ಕೇ ಹಿಡಿದುಬಿಡುತ್ತದೆ. ಕಾಳಿದಂಡೆಯವರ ಆಲ್ಬಮ್ ಕಥೆ ಅದೇ. ತಪ್ಪು ಪೂರ್ತಿ ಮಳೆಯದ್ದಲ್ಲ. 80-90ರ ದಶಕದಲ್ಲಿ ಎಲ್ಲರೂ ತೆಗೆದುಕೊಂಡ ಆ ಅಂಟಿನ ಪುಟದ ಆಲ್ಬಮ್ ನೆನಪಿದೆಯಾ? ಪ್ಲಾಸ್ಟಿಕ್ ಎತ್ತಿ, ಫೋಟೋ ಇಟ್ಟು, ಮತ್ತೆ ಮುಚ್ಚುವುದು. ಫೋಟೋಗೆ ಅದರಷ್ಟು ಕೆಟ್ಟದ್ದು ಬೇರೆ ಇಲ್ಲ. ಅಂಟು ಹಳದಿಯಾಗುತ್ತದೆ, ಫೋಟೋ ಬಿಡುವುದಿಲ್ಲ. ತೆರೆದ ತಕ್ಷಣ ಮೂಗಿಗೆ ಬಡಿಯುವ ಪ್ಲಾಸ್ಟಿಕ್ ವಾಸನೆ ಬಂದರೆ ಅದು ಪಿವಿಸಿ, ಅದೂ ಬೇಡ. ಪಾಲಿಪ್ರೊಪಿಲೀನ್ ಪಾಕೆಟ್ ಇರುವ ಆಲ್ಬಮ್ ಅಥವಾ ಬರೀ ಕಾಗದದ ಲಕೋಟೆ ಒಳ್ಳೆಯದು.

ಕಪ್ಪು-ಬಿಳುಪಿನ ಪ್ರಿಂಟಿನಲ್ಲಿ ಚಿತ್ರ ಆಗಿರುವುದು ಬೆಳ್ಳಿಯ ಕಣಗಳಿಂದ. ಚೆನ್ನಾಗಿ ತೊಳೆದ ಪ್ರಿಂಟ್ ಆಗಿದ್ದರೆ ನೂರು ವರ್ಷ ನಿಲ್ಲುತ್ತದೆ. ಕೆಲವದರ ಕಪ್ಪು ಜಾಗದಲ್ಲಿ ನೀಲಿ ಕನ್ನಡಿಯ ಹೊಳಪು ಕಾಣುತ್ತದಲ್ಲ, ಅದು ಬೆಳ್ಳಿ ಮೇಲೆ ಬಂದಿದ್ದು. ತಿಕ್ಕಬೇಡಿ. ಬಣ್ಣದ್ದು ಬೇರೆ. 70-80ರ ದಶಕದ ಕಲರ್ ಫೋಟೋ ಎಲ್ಲ ಕೆಂಪು ಕೆಂಪು ಆಗಿರುತ್ತವೆ, ಕತ್ತಲಲ್ಲಿ ಇಟ್ಟರೂ. ಆಗಿನ ಪೇಪರಿನಲ್ಲಿ ಹಸಿರು-ನೀಲಿ ಡೈ ಮೊದಲು ಸಾಯುತ್ತಿತ್ತು. ಆದ್ದರಿಂದ ತೋಟದಮನೆಯವರೇ, ಸ್ಕ್ಯಾನ್ ಶುರು ಮಾಡುವುದಾದರೆ ಅಜ್ಜನ ಕಾಲದ ಕಪ್ಪು-ಬಿಳುಪಿನಿಂದ ಅಲ್ಲ, ನಿಮ್ಮ ಅಪ್ಪ-ಅಮ್ಮನ ಕಾಲದ ಕಲರ್ ಫೋಟೋದಿಂದ ಮಾಡಿ. ಜನ ಯಾವಾಗಲೂ ತಲೆಕೆಳಗು ಮಾಡುತ್ತಾರೆ.

ಇಡುವ ಜಾಗ: ಅಟ್ಟ ಬೇಡ, ಬೇಸಿಗೆಗೆ ಕಾಯುತ್ತದೆ. ನೆಲವೂ ಬೇಡ. ಪಡುವಣ ಗೋಡೆಗೆ ತಾಗಿದ ಕಪಾಟು ಅಂತೂ ಬೇಡವೇ ಬೇಡ, ಮಳೆ ಹೊಡೆಯುವುದೇ ಆ ಗೋಡೆಗೆ. ನಡುಮನೆಯ ಕಬ್ಬಿಣದ ಕಪಾಟಿನ ಮಧ್ಯದ ಹಲಗೆ ಸಾಕು. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಇಡಿ, ನೀಲಿಯದ್ದು ಗುಲಾಬಿಯಾದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ನುಸಿಗುಳಿಗೆ ಆಲ್ಬಮ್ ಒಳಗೆ ಹಾಕಬೇಡಿ. ಮಳೆ ಕಳೆದು ಚಳಿ ಬಿದ್ದ ಮೇಲೆ ಒಂದು ಸಲ ತೆಗೆದು ನೆರಳಲ್ಲಿ ಗಾಳಿಯಾಡಿಸಿ. ಹಪ್ಪಳ ಹರಡಿದ ಹಾಗೆ ಅಂಗಳದ ಬಿಸಿಲಿಗೆ ಹಾಕಬೇಡಿ, ಸುರುಟಿಕೊಳ್ಳುತ್ತದೆ.

ಇನ್ನೊಂದು. ಲ್ಯಾಮಿನೇಷನ್ ಮಾಡಿಸಬೇಡಿ! ಹಳೇ ಫೋಟೋ ತಂದು ಇದಕ್ಕೆ ಲ್ಯಾಮಿನೇಷನ್ ಮಾಡಿಕೊಡಿ ಅನ್ನುವವರು ಈಗಲೂ ಬರುತ್ತಾರೆ. ಒಮ್ಮೆ ಬಿಸಿ ಪ್ಲಾಸ್ಟಿಕ್ ಹತ್ತಿದರೆ ಮತ್ತೆ ಬಿಡಿಸುವುದಕ್ಕಾಗದು. ಮಾಡಿಸುವುದಿದ್ದರೆ ಕಾಪಿ ತೆಗೆಸಿ ಕಾಪಿಗೆ ಮಾಡಿಸಿ.

ಗೇರುಬೀಜ (ಅಂಕೋಲಾ):
ನಾನು ಹೆಸರಿನ ಬಗ್ಗೆ ಮಾತ್ರ ಹೇಳುತ್ತೇನೆ. ದಯವಿಟ್ಟು "ದೊಡ್ಡಪ್ಪ", "ಅತ್ತೆ", "ಸಣ್ಣಜ್ಜಿ" ಅಂತ ಬರೆಯಬೇಡಿ. ಯಾರ ದೊಡ್ಡಪ್ಪ? ಬರೆದವರು ಹೋದ ಮೇಲೆ ಅದು ಯಾರಿಗೂ ಉಪಯೋಗ ಇಲ್ಲ. ನಮ್ಮಲ್ಲಿ ಒಂದು ಫೋಟೋದ ಹಿಂದೆ ಚೆಂದದ ಅಕ್ಷರದಲ್ಲಿ "ನಾನು ಮತ್ತು ಅಕ್ಕ" ಅಂತ ಇದೆ. ಬರೆದವರೂ ಗೊತ್ತಿಲ್ಲ, ಅಕ್ಕನೂ ಗೊತ್ತಿಲ್ಲ 😄

ಶಾಲೆಬೆಲ್ (ಹೊನ್ನಾವರ):
ಗೇರುಬೀಜದವರು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಬರೀ ಹೆಸರೂ ಸಾಲುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುತ್ತಾರೆ. ಒಂದೇ ಮನೆಯಲ್ಲಿ ಗಣಪತಿ, ಅವನ ಮಗ ಮಂಜುನಾಥ, ಅವನ ಮಗ ಮತ್ತೆ ಗಣಪತಿ. ಚಿಕ್ಕಪ್ಪನ ಮನೆಯಲ್ಲಿ ಇನ್ನೊಬ್ಬ ಗಣಪತಿ. ಫೋಟೋ ಹಿಂದೆ "ಗಣಪತಿ ಹೆಗಡೆ" ಅಂತ ಬರೆದರೆ ಯಾರನ್ನು ಅಂತ ಹಿಡಿಯುವುದು? ಆದ್ದರಿಂದ ಅಪ್ಪನ ಹೆಸರು, ಊರು, ಮನೆ ಹೆಸರು ಬೇಕು. ಮೇಲಿನಮನೆ, ಕೆಳಗಿನಮನೆ, ಹೊಸಮನೆ, ಏನಿದೆಯೋ ಅದು. "ಗಣಪತಿ, ಮಂಜುನಾಥನ ಮಗ, ಕೆಳಗಿನಮನೆ" ಅಂದರೆ ಗೊಂದಲವಿಲ್ಲ.

ಹೆಂಗಸರದ್ದು ಇನ್ನೂ ಕಷ್ಟ. ಮದುವೆಯಾದ ಮೇಲೆ ಹೆಸರನ್ನೇ ಬದಲಾಯಿಸುವ ಪದ್ಧತಿ ಎಷ್ಟೋ ಮನೆಗಳಲ್ಲಿತ್ತು. ತವರಲ್ಲಿ ಒಂದು, ಗಂಡನ ಮನೆಯಲ್ಲಿ ಒಂದು. ತವರಿನ ಆಲ್ಬಮ್‌ನಲ್ಲಿ ಇರುವ ಹುಡುಗಿ, ಗಂಡನ ಮನೆ ಆಲ್ಬಮ್‌ನಲ್ಲಿ ಇರುವ ಹೆಂಗಸು ಒಬ್ಬಳೇ ಅಂತ ಮೊಮ್ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ಎರಡೂ ಹೆಸರು ಬರೆಯಿರಿ. ತವರಿನ ಊರು ಬರೆಯಿರಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ. ಗಂಡಸರ ಹೆಸರು ಪಹಣಿಯಲ್ಲಿ, ಸೊಸೈಟಿ ಪುಸ್ತಕದಲ್ಲಿ, ಶಾಲೆ ರಿಜಿಸ್ಟರಿನಲ್ಲಿ ಎಲ್ಲಾದರೂ ಸಿಗುತ್ತದೆ. ಅಜ್ಜಿಯ ತವರಿನ ಹೆಸರು ಈ ಫೋಟೋ ಹಿಂದೆ ಬಿಟ್ಟರೆ ಬೇರೆ ಎಲ್ಲೂ ಇರುವುದಿಲ್ಲ.

ಗುಂಪು ಫೋಟೋ ಆದರೆ ನೋಡುವವರ ಎಡದಿಂದ ಬಲಕ್ಕೆ, ಕೂತವರು, ನಿಂತವರು, ನೆಲದ ಮೇಲೆ ಕೂತ ಮಕ್ಕಳು ಅಂತ ಸಾಲು ಸಾಲಾಗಿ. ಗೊತ್ತಿಲ್ಲದವರ ಜಾಗ ಹಾರಿಸಬೇಡಿ, ಪ್ರಶ್ನಾರ್ಥಕ ಚಿಹ್ನೆ ಹಾಕಿ. ಹಾರಿಸಿದರೆ ಮುಂದಿನವರ ಹೆಸರೆಲ್ಲ ಒಂದು ಮನೆ ಸರಿದುಹೋಗುತ್ತದೆ. ಹೆಸರು ಹೇಳಿದವರು ಯಾರು, ಯಾವ ವರ್ಷ ಹೇಳಿದರು ಅನ್ನುವುದನ್ನೂ ಮೂಲೆಯಲ್ಲಿ ಹಾಕಿ. ಆಯಿ ಹೇಳಿದ್ದಕ್ಕೂ ಚಿಕ್ಕಪ್ಪ ಹೇಳಿದ್ದಕ್ಕೂ ತಾಳೆ ಆಗದಿದ್ದಾಗ ಅದು ಬೇಕಾಗುತ್ತದೆ.

ತೋಟದಮನೆ (ಶಿರಸಿ):
ಟೀಚರ್, ಬಹಳ ಉಪಕಾರ ಆಯಿತು. ವರ್ಷ ಗೊತ್ತಿಲ್ಲದಿದ್ದರೆ ಹೇಗೆ? ಆಯಿ "ನಿನ್ನ ಅಣ್ಣ ಹುಟ್ಟುವುದಕ್ಕೂ ಮೊದಲು" ಅನ್ನುತ್ತಾಳೆ, ಅಷ್ಟೇ.

ಶಾಲೆಬೆಲ್ (ಹೊನ್ನಾವರ):
ಅದನ್ನೂ ಹಾಗೇ ಬರೆಯಿರಿ. "ಅಣ್ಣ ಹುಟ್ಟುವ ಮೊದಲು" ಅಂದರೆ ಒಂದು ಗಡಿ ಸಿಕ್ಕಿತಲ್ಲ.

ಉಳಿದದ್ದು ಫೋಟೋದಲ್ಲೇ ಇರುತ್ತದೆ. ಮೊದಲು ಹಿಂದೆ ತಿರುಗಿಸಿ ಸ್ಟುಡಿಯೋ ಸೀಲ್ ನೋಡಿ. ವಿಳಾಸದಲ್ಲಿ 581401 ಅಂತ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು. ಪಿನ್ ಪದ್ಧತಿ ಬಂದದ್ದೇ ಅವತ್ತು. ಮೈಸೂರು ರಾಜ್ಯ ಅಂತ ಇದ್ದರೆ 1956ರಿಂದ 1973ರ ನಡುವಿನದ್ದು ಅನ್ನಬಹುದು. 56ಕ್ಕೂ ಮೊದಲು ನಮ್ಮ ಜಿಲ್ಲೆ ಮುಂಬೈಗೆ ಸೇರಿತ್ತು, 73ರ ನವೆಂಬರ್‌ನಲ್ಲಿ ಕರ್ನಾಟಕ ಅಂತಾಯಿತು. ಆದರೆ ಸೀಲ್ ಹಳೆಯದನ್ನೇ ಸ್ವಲ್ಪ ವರ್ಷ ಹೊಡೆದಿರಬಹುದು, ಅದು ನೆನಪಿರಲಿ. ಗಾಡಿ ಕಂಡರೆ ನಂಬರ್ ಪ್ಲೇಟ್ ನೋಡಿ. ಕೆಎ-30 ಕಾರವಾರ, ಕೆಎ-31 ಶಿರಸಿ ಇದ್ದರೆ 1989ರಲ್ಲಿ ಜಾರಿಗೆ ಬಂದ ಹೊಸ ಮೋಟಾರು ಕಾಯಿದೆಯ ನಂತರದ್ದು. ನಮ್ಮ ಕರಾವಳಿಯ ಸ್ಟೇಷನ್ನಿನಲ್ಲಿ ರೈಲು ಹತ್ತುವ ಫೋಟೋ ಆದರೆ ಇನ್ನೂ ಈಚಿನದು, ಕೊಂಕಣ ರೈಲು ಪೂರ್ತಿ ಮಾರ್ಗ ಶುರುವಾಗಿದ್ದು 1998ರ ಜನವರಿ 26ಕ್ಕೆ. ಮಾರಿಕಾಂಬಾ ಜಾತ್ರೆಯಲ್ಲಿ ತೆಗೆಸಿದ್ದಾದರೆ ನಿಮಗೇ ಗೊತ್ತು, ಎರಡು ವರ್ಷಕ್ಕೊಮ್ಮೆ. ಈಚಿನವು 2018, 2020, 2022, 2024. ಅಂದರೆ ನಡುವಿನ ವರ್ಷ ಬಿಟ್ಟುಬಿಡಬಹುದು.

90ರ ದಶಕದ ಫೋಟೋ ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖು ಇರುತ್ತದೆ. ಅದನ್ನು ಕಣ್ಣು ಮುಚ್ಚಿ ನಂಬಬೇಡಿ. ಬ್ಯಾಟರಿ ಬದಲಿಸಿದಾಗ ತಾರೀಖು ಹಾಕುವವರು ಯಾರು? ನಮ್ಮ ಚೌತಿ ಫೋಟೋ ಮೇಲೆ ಜನವರಿ 1 ಅಂತ ಇದೆ.

ಸ್ಟುಡಿಯೋದವ (ಕುಮಟಾ):
ಸೈಜ್ ಕೂಡ ನೋಡಿ. ಎರಡೂಕಾಲು ಇಂಚಿನ ಚೌಕ ಫೋಟೋ ಇದ್ದರೆ ಅದು 120 ರೋಲಿನದ್ದು, ಅಗ್ಫಾ ಕ್ಲಿಕ್ ಥರದ ಕ್ಯಾಮೆರಾ. ರೋಲಿಗೆ 12 ಫೋಟೋ ಅಷ್ಟೇ. ಅದಕ್ಕೇ ಆಗಿನವರು ಸಾಲಾಗಿ, ನೆಟ್ಟಗೆ ನಿಲ್ಲುತ್ತಿದ್ದದ್ದು.

ಕಾಳಿದಂಡೆ (ಕಾರವಾರ):
ಕಾರವಾರದವರಿಗೆ ಒಂದು ಗುರುತು ನಾನು ಕೊಡುತ್ತೇನೆ. ಹಿನ್ನೆಲೆಯಲ್ಲಿ ಕಾಳಿ ನದಿ ಇದ್ದು ಸೇತುವೆ ಇಲ್ಲದಿದ್ದರೆ ಅದು 80ರ ದಶಕದಲ್ಲಿ ಸೇತುವೆ ಆಗುವುದಕ್ಕಿಂತ ಹಿಂದಿನದು. ಆಗ ಕೋಡಿಬಾಗದಿಂದ ಸದಾಶಿವಗಡಕ್ಕೆ ತಾರಿ (ನದಿ ದಾಟಿಸುವ ದೋಣಿ) ಮೇಲೆ ಹೋಗಬೇಕಿತ್ತು. ಆ ಸೇತುವೆ 2024ರ ಆಗಸ್ಟ್ 7ರ ರಾತ್ರಿ ಬಿದ್ದೇಹೋಯಿತು. ಬೀಳುವವರೆಗೆ ಅದರ ಫೋಟೋ ತೆಗೆಯಬೇಕು ಅಂತ ಯಾರಿಗೂ ಅನಿಸಿರಲಿಲ್ಲ. ಬಿದ್ದ ಮೇಲೆ ತೆಗೆದ ವಿಡಿಯೋ ಸಾವಿರ ಇವೆ.

ಆದರೂ ಪ್ರಿಂಟ್ ವಿಷಯದಲ್ಲಿ ನನ್ನ ಮಾತು ಅದೇ. 2019ರ ಆಗಸ್ಟ್ ನೆರೆಯಲ್ಲಿ ಕದ್ರಾ ಕಡೆ ನಮ್ಮ ನೆಂಟರ ಮನೆಗೆ ನೀರು ಹೊಕ್ಕಿತು. ಆಲ್ಬಮ್ ಎಲ್ಲ ಕೆಸರು. ಮೊಬೈಲ್‌ನಲ್ಲಿ ಇದ್ದದ್ದು ಮಾತ್ರ ಉಳಿಯಿತು. ಇದಕ್ಕೆ ಏನು ಹೇಳುತ್ತೀರಿ?

ಮಳೆನಾಡು-ಬೆಂಗ್ಳೂರು (ಊರು ಸಿದ್ದಾಪುರ):
ಸಾಫ್ಟ್‌ವೇರ್ ಕೆಲಸದವನು, ಕ್ಲೌಡ್ ಪರವಾಗಿ ಮಾತಾಡಬೇಕಾದವನು ನಾನೇ. ಆದರೂ ಹೇಳುತ್ತೇನೆ, ಕ್ಲೌಡ್ ಅಂದರೆ ಮುಗೀತು ಅಂತ ಅಲ್ಲ.

ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಪುಕ್ಕಟೆ ಅನ್ನುವುದು 2021ರ ಜೂನ್ 1ಕ್ಕೆ ನಿಂತಿತು. ಈಗ 15 ಜಿಬಿ, ಅದೂ ಮೇಲ್ ಎಲ್ಲ ಸೇರಿ. ಎರಡು ವರ್ಷ ಅಕೌಂಟ್ ಮುಟ್ಟದಿದ್ದರೆ ಅಳಿಸಿಹಾಕಬಹುದು ಅನ್ನುವ ನಿಯಮವೂ ಇದೆ. ಅಜ್ಜ ತೀರಿಕೊಂಡ ಮೇಲೆ ಅವರ ಅಕೌಂಟ್ ಯಾರು ತೆರೆಯುತ್ತಾರೆ? ಪಾಸ್‌ವರ್ಡ್ ಯಾರ ಹತ್ತಿರ ಇದೆ? ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್ ಅಂತ ಒಂದು ಸೆಟ್ಟಿಂಗ್ ಇದೆ, ಅದರಲ್ಲಿ ಮನೆಯವರ ಹೆಸರು ಹಾಕಿಟ್ಟರೆ ಅವರಿಗೆ ಸಿಗುತ್ತದೆ. ಎಷ್ಟು ಜನ ಹಾಕಿದ್ದಾರೆ?

ವಾಟ್ಸಾಪ್ ಅಂತೂ ಕೇಳಬೇಡಿ. ಫ್ಯಾಮಿಲಿ ಗ್ರೂಪಿಗೆ ಕಳಿಸಿದ ಫೋಟೋ ಸಣ್ಣದಾಗುತ್ತದೆ. ಫೋಟೋದೊಳಗೆ ಅಡಗಿರುವ ತಾರೀಖು, ಜಾಗ ಎಲ್ಲ ಹೋಗುತ್ತದೆ. ನಾಲ್ಕು ಕೈ ದಾಟಿದ ಮೇಲೆ ಅಜ್ಜಿಯ ಮುಖ ಚೌಕ ಚೌಕ. ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಹಾಗೇ ಹೋಗುತ್ತದೆ. 4x6 ಇಂಚಿನ ಒಳ್ಳೆಯ ಪ್ರಿಂಟಿಗೆ ಸುಮಾರು 1200x1800 ಪಿಕ್ಸೆಲ್ ಬೇಕು.

ಇನ್ನು ಹೆಸರು. ಗೂಗಲ್‌ನಲ್ಲಿ ಫೋಟೋ ಕೆಳಗೆ ವಿವರಣೆ ಬರೆಯುತ್ತೀರಲ್ಲ, ಅದು ಫೋಟೋ ಫೈಲಿನ ಒಳಗೆ ಹೋಗುವುದಿಲ್ಲ. ಎಲ್ಲ ಡೌನ್‌ಲೋಡ್ ಮಾಡಿದರೆ ಬೇರೆ ಫೈಲಿನಲ್ಲಿ ಬರುತ್ತದೆ. ಫೋಟೋ ಒಂದು ಕಡೆ, ಹೆಸರು ಒಂದು ಕಡೆ. ಅದಕ್ಕೆ ನಾನು ಫೈಲಿನ ಹೆಸರಲ್ಲೇ ವರ್ಷ, ಊರು, ಜನ ಬರೆಯುತ್ತೇನೆ. ದಡ್ಡ ವಿಧಾನ, ಆದರೆ ಯಾವ ಕಂಪನಿ ಮುಚ್ಚಿದರೂ ಅದು ಇರುತ್ತದೆ.

ಕಾಳಿದಂಡೆಯವರೇ, ನೆರೆಯಲ್ಲಿ ಕಾಗದ ಹೋಗುತ್ತದೆ, ನಿಜ. ನಮ್ಮ ಅಕ್ಕನ ಮದುವೆ ಫೋಟೋ ಸಿಡಿಯಲ್ಲಿ ಕೊಟ್ಟಿದ್ದರು. ನೆರೆ ಬರಲಿಲ್ಲ, ಏನೂ ಆಗಲಿಲ್ಲ, ಕಪಾಟಿನಲ್ಲಿ ಇದ್ದಲ್ಲೇ ಸಿಡಿ ಓದುವುದನ್ನು ನಿಲ್ಲಿಸಿತು. ಎರಡೂ ಸಾಯುತ್ತವೆ, ಬೇರೆ ಬೇರೆ ಕಾರಣಕ್ಕೆ. ಅದಕ್ಕೇ ಎರಡೂ ಬೇಕು, ಒಂದೇ ಮನೆಯಲ್ಲಿ ಅಲ್ಲ.

ಸ್ಟುಡಿಯೋದವ (ಕುಮಟಾ):
ನೆರೆ ವಿಷಯ ಬಂತಲ್ಲ, ಇದೊಂದು ತಿಳಿದುಕೊಳ್ಳಿ. ಫೋಟೋ ಒದ್ದೆಯಾದರೆ ಗಾಬರಿಯಿಂದ ಒಣಗಿಸಬೇಡಿ. ಅಂಟಿಕೊಂಡು ಒಣಗಿದರೆ ಮುಗಿಯಿತು. ಒದ್ದೆ ಇರುವಾಗಲೇ ಸ್ವಚ್ಛ ತಣ್ಣೀರಿನ ಬೋಗುಣಿಯಲ್ಲಿ ಮುಳುಗಿಸಿ, ಕೆಸರು ತಾನಾಗಿ ಬಿಡಲಿ, ಚಿತ್ರದ ಮೇಲೆ ಕೈ ಆಡಿಸಬೇಡಿ. ನಿಧಾನಕ್ಕೆ ಬಿಡಿಸಿ, ಮುಖ ಮೇಲೆ ಮಾಡಿ ಬಟ್ಟೆಯ ಮೇಲೆ ನೆರಳಲ್ಲಿ ಹರಡಿ. ಎರಡು ದಿನದೊಳಗೆ ಆಗಬೇಕು, ಆಮೇಲೆ ಬೂಷ್ಟು. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿಗೆ ಇಡಿ, ನಂತರ ನೋಡಿಕೊಳ್ಳಬಹುದು. ಇದು ಲ್ಯಾಬಿನ ಪ್ರಿಂಟಿಗೆ ಮಾತ್ರ. ಮನೆಯ ಇಂಕ್‌ಜೆಟ್ ಪ್ರಿಂಟರಿನದ್ದನ್ನು ನೀರಲ್ಲಿ ಮುಳುಗಿಸಿದರೆ ಬಣ್ಣವೇ ಹೋಗುತ್ತದೆ.

ಚಂಡೆಮದ್ದಳೆ (ಹೊನ್ನಾವರ):
ಮಗ ಹೇಳುವುದು ಫೋನೇ ಮುಖ ಗುರುತು ಹಿಡಿದು ಹೆಸರು ಹಾಕುತ್ತದೆ ಅಂತ. ಬಡಗುತಿಟ್ಟು ಯಕ್ಷಗಾನದ ವೇಷದವರ ಫೋಟೋಗೆ ಹಾಕಲಿ ನೋಡೋಣ! ನಮ್ಮ ಅಜ್ಜ ಮೇಳದಲ್ಲಿದ್ದರು. ಮನೆಯಲ್ಲಿ ಮುಂಡಾಸು, ಕಿರೀಟ, ಮುಖವರ್ಣಿಕೆಯ ಫೋಟೋ ಬೇಕಾದಷ್ಟಿವೆ. ಒಂದರಲ್ಲೂ ಅಜ್ಜ ಯಾರು ಅಂತ ಫೋನಿಗೆ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ಅಜ್ಜನ ಜೊತೆ ವೇಷ ಮಾಡಿದ ಒಬ್ಬರು ಇನ್ನೂ ಇದ್ದಾರೆ. ಅವರು ನಿಂತ ಭಂಗಿ ನೋಡಿಯೇ ಹೇಳಿದರು, ಇದು ನಿನ್ನ ಅಜ್ಜ, ಆ ಕಾಲು ಇಡುವ ರೀತಿ ಬೇರೆ ಯಾರದ್ದೂ ಅಲ್ಲ ಅಂತ. ಅದನ್ನು ಯಾವ ಆಪ್ ಹೇಳುತ್ತದೆ? ವೇಷದ ಫೋಟೋ ಇದ್ದವರು ಕಲಾವಿದರ ಹೆಸರು, ಪಾತ್ರ, ಪ್ರಸಂಗ, ಮೇಳ ನಾಲ್ಕೂ ಬರೆಯಿರಿ.

ಕಡಲಮನೆ (ಕಾರವಾರ):
ಜನರ ಹೆಸರಿನ ಜೊತೆ ಜಾಗದ ಹೆಸರೂ ಬರೆಯಿರಿ ಅಂತ ನನ್ನ ಕೋರಿಕೆ. ನಮ್ಮದು ಸೀಬರ್ಡ್ ನೌಕಾನೆಲೆ ಯೋಜನೆಗೆ ಹೋದ ಊರು. 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಅರ್ಗಾದಲ್ಲಿ ನೌಕಾನೆಲೆ ಶುರುವಾಯಿತು. ಈಗ ಅಲ್ಲಿಗೆ ನಾವು ಹೋಗುವ ಹಾಗಿಲ್ಲ. ಮದುವೆ ಫೋಟೋ, ನಾಮಕರಣದ ಫೋಟೋ ತೆಗೆದವರು ಮುಖ ನೋಡಿ ತೆಗೆದದ್ದು. ನಾವು ಈಗ ನೋಡುವುದು ಹಿಂದೆ ಕಾಣುವ ಬಾವಿ, ತೆಂಗಿನ ಸಾಲು, ದೇವಸ್ಥಾನದ ಮೂಲೆ. ಅದು ಯಾರ ಅಂಗಳ, ಯಾವ ದಿಕ್ಕಿಗೆ ನಿಂತು ತೆಗೆದದ್ದು ಅಂತ ಹೇಳುವವರು ಕಡಿಮೆಯಾಗುತ್ತಿದ್ದಾರೆ. ಸೂಪಾ ಅಣೆಕಟ್ಟಿಗೆ ಮುಳುಗಿದ ಊರಿನವರಿಗೂ ಇದೇ ಪಾಡು. ತಾಲೂಕು ಕೇಂದ್ರವೇ ಜೋಯಿಡಾಕ್ಕೆ ಹೋಯಿತು, ಸೂಪಾ ಪೇಟೆ ನೀರಡಿಗೆ. ಅಂಥ ಮನೆಯವರು ಯಾರಾದರೂ ಇಲ್ಲಿದ್ದರೆ, ಮನುಷ್ಯರಿಲ್ಲದ ಫೋಟೋಗಳನ್ನೂ ಎಸೆಯಬೇಡಿ.

ಗೇರುಬೀಜ (ಅಂಕೋಲಾ):
ಇದನ್ನು ಓದಿ ಇನ್ನೊಂದು ಹೇಳಬೇಕೆನಿಸಿತು. ಸ್ವಲ್ಪ ಜನರಿಗೆ ಇಷ್ಟ ಆಗದೆ ಇರಬಹುದು.

ದೊಡ್ಡ ಮನೆಗಳ ಫೋಟೋದಲ್ಲಿ ಅಂಚಿನಲ್ಲಿ ಒಬ್ಬರು ನಿಂತಿರುತ್ತಾರೆ. ಕೊನೆಗೌಡ (ಅಡಿಕೆ ಕೊನೆ ಕೊಯ್ಯುವವನು), ದನ ಕಾಯುವವನು, ಗದ್ದೆ ಕೆಲಸದವಳು, ಮಗು ಎತ್ತಿಕೊಂಡವಳು. ಮನೆಯವರ ಹೆಸರೆಲ್ಲ ಬರೆದು ಅವರಿಗೆ ಬರೀ "ಆಳು" ಅಂತ ಬರೆಯುತ್ತಾರೆ, ಇಲ್ಲಾ ಏನೂ ಬರೆಯುವುದಿಲ್ಲ. ಕೆಲವರು ಸ್ಕ್ಯಾನ್ ಮಾಡುವಾಗ ಕತ್ತರಿಸಿಯೇಬಿಡುತ್ತಾರೆ. ಆ ಮನುಷ್ಯನದ್ದು ಜೀವಮಾನದಲ್ಲಿ ಇರುವ ಒಂದೇ ಫೋಟೋ ಅದಾಗಿರಬಹುದು, ಗೊತ್ತಾ? ಅವರ ಮನೆಯಲ್ಲಿ ಕ್ಯಾಮೆರಾ ಎಲ್ಲಿತ್ತು? ನಮ್ಮ ಕಡೆ ಹಾಲಕ್ಕಿ ಒಕ್ಕಲಿಗರ ಎಷ್ಟು ಫೋಟೋ ಪೇಪರಿನಲ್ಲಿ ಬಂದಿವೆ, ಕೆಳಗೆ "ಹಾಲಕ್ಕಿ ಮಹಿಳೆಯರು" ಅಂತ ಮಾತ್ರ. ಹಾಲಕ್ಕಿಯವರೇ ಆದ ತುಳಸಿ ಗೌಡರು ದಶಕಗಟ್ಟಲೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಗಿಡ ಬೆಳೆಸಿದರು. 2021ರಲ್ಲಿ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತೆಗೆದುಕೊಂಡ ಫೋಟೋ ದೇಶಕ್ಕೆಲ್ಲ ಗೊತ್ತು. ಅದಕ್ಕೂ ಹಿಂದಿನ ಯಾವುದೋ ಗುಂಪು ಫೋಟೋದ ಹಿಂದೆ "ನರ್ಸರಿ ಕೆಲಸದವರು" ಅಂತಷ್ಟೇ ಬರೆದಿದ್ದರೆ ಅದರಲ್ಲಿ ಅವರನ್ನು ಹುಡುಕುವವರು ಯಾರು?

ತೋಟದಮನೆಯವರೇ, ನಿಮ್ಮ ಆಯಿಗೆ ಅವರ ಹೆಸರೂ ಗೊತ್ತಿರುತ್ತದೆ. ಕೇಳಿ. ಆಮೇಲೆ ಒಂದು ಕಾಪಿ ಹಾಕಿಸಿ ಅವರ ಮಕ್ಕಳಿಗೋ ಮೊಮ್ಮಕ್ಕಳಿಗೋ ಕೊಡಿ.

ತೋಟದಮನೆ (ಶಿರಸಿ):
ಗೇರುಬೀಜ ಅಕ್ಕ, ಇದು ನನ್ನ ತಲೆಗೆ ಬಂದಿರಲಿಲ್ಲ. ಇವತ್ತೇ ಕೇಳಿದೆ. ಅಜ್ಜನ ಪಕ್ಕ ಕೊಡಲಿ ಹಿಡಿದು ನಿಂತವನ ಹೆಸರು, ಅವನ ಹೆಂಡತಿಯ ಹೆಸರು, ಅವಳು ಹಾಡುತ್ತಿದ್ದ ಹಾಡು ಎಲ್ಲ ಆಯಿ ಹೇಳಿದಳು. ಅವನ ಮೊಮ್ಮಗ ಈಗ ಶಿರಸಿಯಲ್ಲೇ ಆಟೋ ಓಡಿಸುತ್ತಾನೆ. ನನಗೆ ಮುಖ ಪರಿಚಯ, ಸಂಬಂಧ ಗೊತ್ತಿರಲಿಲ್ಲ.

ಇನ್ನೊಂದು ಗಮನಿಸಿದೆ. ಮಗ ಮೊದಲು ಫೋನಿನಲ್ಲಿ ಸ್ಕ್ಯಾನ್ ತೋರಿಸಿ ಕೇಳಿದ. ಆಯಿ "ಹ್ಞೂ, ಚೆಂದ ಇದ್ದು" ಅಂದಳು, ಬೆರಳು ತಾಗಿ ಮುಂದಿನದಕ್ಕೆ ಹೋಯಿತು, ಅಷ್ಟೇ. ಅದೇ ಫೋಟೋ ಕೈಗೆ ಕೊಟ್ಟರೆ ಕಿಟಕಿ ಹತ್ತಿರ ಹಿಡಿದು, ತಿರುಗಿಸಿ, ಕನ್ನಡಕ ಒರೆಸಿ, ಮತ್ತೆ ನೋಡಿ, ಆಮೇಲೆ ಮಾತು ಶುರು. ಚಿಕ್ಕ ಚೌಕ ಫೋಟೋಗಳನ್ನು ಮಾತ್ರ 5x7 ಕಾಪಿ ಹಾಕಿಸಿಕೊಟ್ಟೆ, ಮುಖ ಕಾಣಲಿ ಅಂತ. ಅವಳು ಹೇಳುವುದನ್ನು ಮಗ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದಾನೆ. ಈಗ ಮನೆಯಲ್ಲಿ ಪಂಚಾಯ್ತಿ ಇಲ್ಲ.

ಕಾಳಿದಂಡೆ (ಕಾರವಾರ):
ಸರಿ, ವಯಸ್ಸಾದವರ ಕೈಗೆ ಕೊಡುವುದಕ್ಕೆ ಪ್ರಿಂಟ್ ಬೇಕು, ಒಪ್ಪಿದೆ. ಹಾಗಂತ ಮೊಬೈಲ್‌ನಲ್ಲಿರುವ ಹತ್ತು ಸಾವಿರ ಫೋಟೋಗೂ ಪ್ರಿಂಟಾ? ದುಡ್ಡು ಯಾರು ಕೊಡುವುದು?

ತೋಟದಮನೆಯ ತಂಗಿ:
ಎಲ್ಲ ಯಾರು ಹೇಳಿದ್ದು? ವರ್ಷಕ್ಕೆ ಒಂದಷ್ಟು. ಊಟದ ತಟ್ಟೆ, ಒಂದೇ ಸೂರ್ಯಾಸ್ತ ಇಪ್ಪತ್ತು ಸಲ, ಇದೆಲ್ಲ ಬೇಡ. ಮನೆಯ ಪ್ರತಿಯೊಬ್ಬರೂ ಆ ವರ್ಷ ಹೇಗಿದ್ದರು ಅಂತ ಗೊತ್ತಾದರೆ ಆಯಿತು. ಫೋಟೋ ತೆಗೆಯುವವರು ಯಾವತ್ತೂ ಫೋಟೋದಲ್ಲಿ ಇರುವುದಿಲ್ಲ, ಅವರದ್ದೂ ಒಂದು ಇರಲಿ. ಮದುವೆಗೆ ದುಬಾರಿ ಕರಿಜ್ಮಾ ಆಲ್ಬಮ್ ಮಾಡಿಸುತ್ತೀರಲ್ಲ, ಅದರ ತುಂಬ ಇಂಗ್ಲಿಷ್ ಪದ್ಯ ಇರುತ್ತದೆ, ಗಂಡು-ಹೆಣ್ಣಿನ ಹೆಸರು ಬಿಟ್ಟು ಒಬ್ಬರ ಹೆಸರೂ ಇರುವುದಿಲ್ಲ. ಡಿಸೈನ್ ಮಾಡುವವರಿಗೆ ಪದ್ಯ ತೆಗೆದು ಹೆಸರು ಹಾಕಿ ಅಂತ ಹೇಳಿ. ಹೆಚ್ಚಿಗೆ ದುಡ್ಡೇನೂ ಬೇಕಾಗಿಲ್ಲ.

ಪಡಸಾಲೆ (ಭಟ್ಕಳ):
ದೇವರ ಕೋಣೆಯ ಹತ್ತಿರ ತೀರಿಕೊಂಡವರ ಫೋಟೋ ಹಾಕಿ ಕುಂಕುಮ, ಹೂವು ಏರಿಸುವ ಮನೆಗಳಿಗೆ ಒಂದು ಸೂಚನೆ. ಅಲ್ಲಿ ಮೂಲ ಫೋಟೋ ಹಾಕಬೇಡಿ. ದೀಪದ ಹೊಗೆ, ಹೂವಿನ ನೀರು, ಗಾಜಿನ ಸಂದಿಯಿಂದ ಇಳಿಯುವ ಕುಂಕುಮ. ನಮ್ಮ ಮುತ್ತಜ್ಜಿಯ ಇದ್ದ ಒಂದೇ ಫೋಟೋದ ಹಣೆ ಭಾಗ ಹೀಗೇ ಹೋಯಿತು. ಕಾಪಿ ಹಾಕಿಸಿ ಗೋಡೆಗೆ ಹಾಕಿ, ಮೂಲದ್ದು ಲಕೋಟೆಯಲ್ಲಿಡಿ.

ಮಳೆನಾಡು-ಬೆಂಗ್ಳೂರು (ಊರು ಸಿದ್ದಾಪುರ):
ಒಂದು ಅಡ್ಡಪ್ರಶ್ನೆ. ಮನೆಯಲ್ಲಿ ಜಗಳವಾಗಿ ಪಾಲಾದವರು, ವಿಚ್ಛೇದನ ಆದವರು ಇರುವ ಫೋಟೋಗಳಿಗೆ ಹೆಸರು ಹಾಕುತ್ತೀರಾ? ನಮ್ಮಲ್ಲಿ ಒಬ್ಬ ಮಾವ ಕತ್ತರಿ ತೆಗೆದುಕೊಂಡು ಅರ್ಧ ಫೋಟೋ ಕತ್ತರಿಸಿದ್ದಾರೆ.

ಶಾಲೆಬೆಲ್ (ಹೊನ್ನಾವರ):
ಹೆಸರು ಹಾಕಿ. ಜಗಳದ ಕಾರಣ ಬರೆಯಬೇಡಿ. ಆ ಮಕ್ಕಳಿಗೆ ಅಪ್ಪ-ಅಮ್ಮ ಇಬ್ಬರೂ ಬೇಕಲ್ಲ. ಆದರೆ ಅದನ್ನು ಗ್ರೂಪಿನಲ್ಲಿ ಎಲ್ಲರಿಗೂ ಹಂಚಬೇಕು ಅಂತ ಏನಿಲ್ಲ.

ತೋಟದಮನೆ (ಶಿರಸಿ):
ಕೊನೆಯದಾಗಿ ಪೆನ್ನು ಯಾವುದು ಹೇಳಿ. ಚೌತಿಗೆ ಎಲ್ಲರೂ ಊರಿಗೆ ಬರುತ್ತಾರೆ, ಆಗ ಒಟ್ಟಿಗೆ ಕೂತು ಉಳಿದದ್ದು ಬರೆಯೋಣ ಅಂತಿದ್ದೇವೆ.

ಸ್ಟುಡಿಯೋದವ (ಕುಮಟಾ):
ಹಳೇ ಕಪ್ಪು-ಬಿಳುಪಿನವು ಹಿಂದೆ ಕಾಗದದ ಥರವೇ ಇದ್ದರೆ ಮೆತ್ತನೆಯ ಪೆನ್ಸಿಲ್, 2ಬಿ ಸಾಕು. 70ರ ದಶಕದಿಂದ ಈಚಿನ ಫೋಟೋ ಹಿಂದೆ ಪ್ಲಾಸ್ಟಿಕ್ ಪದರ ಇರುತ್ತದೆ, ಪೆನ್ಸಿಲ್ ಹಿಡಿಯುವುದಿಲ್ಲ. ಅದಕ್ಕೆ ಪಿಗ್ಮೆಂಟ್ ಇಂಕಿನ ಸಣ್ಣ ಮೊನೆಯ ಡ್ರಾಯಿಂಗ್ ಪೆನ್ನು. ಬಾಲ್ ಪೆನ್ ಬೇಡ, ಒತ್ತಿ ಬರೆದರೆ ಮುಂದೆ ಗೆರೆ ಏಳುತ್ತದೆ. ಜೆಲ್ ಪೆನ್, ಸ್ಕೆಚ್ ಪೆನ್ ನಮ್ಮ ಕಡೆಯ ಥಂಡಿಗೆ ಹರಡುತ್ತದೆ. ಅಂಗಡಿಯಲ್ಲೇ ಒಂದು ಬೇಡದ ಪ್ರಿಂಟ್ ಹಿಂದೆ ಬರೆದು, ಸ್ವಲ್ಪ ಹೊತ್ತು ಬಿಟ್ಟು, ಒದ್ದೆ ಬೆರಳಲ್ಲಿ ತಿಕ್ಕಿ ನೋಡಿ ತಗೊಳ್ಳಿ. ಗಟ್ಟಿ ಮೇಜಿನ ಮೇಲೆ ಇಟ್ಟು ಅಂಚಿನ ಹತ್ತಿರ ಬರೆಯಿರಿ, ಮುಖದ ಹಿಂದೆ ಬೇಡ. ಒಣಗುವ ಮೊದಲು ಒಂದರ ಮೇಲೊಂದು ಇಡಬೇಡಿ. ಸೆಲೋ ಟೇಪ್, ಸ್ಟಿಕರ್ ಮುಟ್ಟಲೇಬೇಡಿ. ಬರೆದಾದ ಮೇಲೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಚಿಕ್ಕ ಫೋಟೋಗೆ ಸ್ಕ್ಯಾನರ್‌ನಲ್ಲಿ 600 ಡಿಪಿಐ (ಇಂಚಿಗೆ 600 ಚುಕ್ಕೆ) ಇಡಿ.

ಕಾಳಿದಂಡೆ (ಕಾರವಾರ):
ನಮ್ಮ ಮನೆಯಲ್ಲಿ ಅಪ್ಪನ ಫೋಟೋ ಕಟ್ಟಿನ ಗಾಜಿಗೇ ಅಂಟಿಕೊಂಡಿದೆ. ಅದನ್ನು ಬಿಡಿಸುವುದು ಹೇಗೆ?

ಸ್ಟುಡಿಯೋದವ (ಕುಮಟಾ):
ಬಿಡಿಸಬೇಡಿ. ಹಿಂದಿನ ಹಲಗೆ ಮಾತ್ರ ತೆಗೆದು, ಗಾಜು ಸಮೇತ ಸ್ಕ್ಯಾನರ್ ಮೇಲಿಡಿ. ಕಾಪಿಗೆ ಹೊಸ ಕಟ್ಟು ಹಾಕಿಸುವಾಗ ಗಾಜಿಗೂ ಫೋಟೋಗೂ ನಡುವೆ ದಪ್ಪ ಕಾಗದದ ಅಂಚು ಕೊಡಿ ಅಂತ ಕಟ್ಟು ಹಾಕುವವರಿಗೆ ಹೇಳಿ. ಸ್ಕ್ಯಾನರ್ ಇಲ್ಲದಿದ್ದರೆ ಕುಮಟಾಕ್ಕೆ ತನ್ನಿ, ಮಾಡಿಕೊಡುತ್ತೇನೆ.